ಹೂ ಬಿದ್ದಿದ್ದು ಯಾವ ಕಡೆಗೆ?

ಕ್ಯಾಪ್ಟನ್,

ಮೂರು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಹಾಗಾಗಿ ಊರೆಲ್ಲ ಓದುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ. ಮರ್ಯಾದೆ ಹೋದರೆ ಇಬ್ಬರದ್ದೂ ಹೋಗಲಿ. ಮೊದಲು ಮುಖ್ಯ ಸುದ್ದಿ: ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಹಳದಿ ಕೊಡೆಯವರು ಸಿಕ್ಕಿದ್ದರು. ಇನ್ನೂ ಅದೇ ಕೊಡೆ ಮಾರಾಯ. ನಿನ್ನನ್ನು ಕೇಳಿದರು. ನಾನು ಸತ್ಯ ಹೇಳಲಿಲ್ಲ, ಹೆದರಬೇಡ.

ಅಪ್ಪಯ್ಯ ಮತ್ತೆ ಅಡಿಕೆ ಸಸಿ ನೆಡುತ್ತಿದ್ದಾರೆ. ಕೆಳಗಿನ ತೋಟದಲ್ಲಿ, 120 ಸಸಿ. ಅವರಿಗೀಗ 77. ಮೊದಲ ಫಸಲು ಕಣ್ಣಿಗೆ ಬೀಳೋಕೆ ಐದಾರು ವರ್ಷ ಬೇಕು, ಸರಿಯಾಗಿ ಕೈಗೆ ಹತ್ತೋಕೆ ಇನ್ನೂ ಜಾಸ್ತಿ. ಲೆಕ್ಕ ನೀನೇ ಹಾಕು. ನಾನು ಹಾಕಿ ನೋಡಿ ಸುಮ್ಮನಾಗಿದ್ದೇನೆ.

ನಾವು ಅಡಿಕೆ ಹಾಳೆ ಮೇಲೆ ಕೂತು ಜಾರುತ್ತಿದ್ದ ಧರೆಯ ಕೆಳಗಿನ ತೋಟ ಅದು. ಈಗ ನೋಡಿದರೆ ನಿನಗೆ ಗುರುತು ಸಿಗಲಿಕ್ಕಿಲ್ಲ. ಹಳದಿ ಎಲೆ ರೋಗ. ಶೃಂಗೇರಿ, ಕೊಪ್ಪದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೊದಲು ಸೋಗೆಯ, ಅಂದರೆ ಅಡಿಕೆ ಗರಿಯ, ತುದಿ ಹಳದಿಯಾಗುತ್ತದೆ. ನೀರು ಕಮ್ಮಿಯಾಯ್ತೇನೋ ಅಂದುಕೊಳ್ಳುತ್ತೇವೆ. ಆಮೇಲೆ ಕಾಯಿ ಉದುರುತ್ತದೆ. ಸುಲಿದರೆ ಒಳಗಿನ ಅಡಿಕೆ ಕಪ್ಪಗೆ, ಮೆತ್ತಗೆ. ಮರದ ಮಂಡೆ ಸಣ್ಣದಾಗುತ್ತಾ ಹೋಗಿ ಕೊನೆಗೆ ಬರೀ ಕಂಬ ಉಳಿಯುತ್ತದೆ. ಫೈಟೊಪ್ಲಾಸ್ಮಾ ಅಂತ ಒಂದು ಸೂಕ್ಷ್ಮಾಣು, ಜಿಗಿಹುಳ ಹರಡುತ್ತದಂತೆ. ಮದ್ದಿಲ್ಲ. ರೋಗದ ತೋಟದ ಮಧ್ಯೆಯೂ ಹಸಿರಾಗಿ ನಿಂತ ಮರಗಳನ್ನು ಹುಡುಕಿ, ಅವುಗಳ ಹಿಂಗಾರದಿಂದ ಅಂಗಾಂಶ ಕೃಷಿಯಲ್ಲಿ ಸಸಿ ಮಾಡುವ ಕೆಲಸಕ್ಕೆ ವಿಟ್ಲದ ಸಂಶೋಧನಾ ಕೇಂದ್ರದವರು ಕೈ ಹಾಕಿದ್ದಾರೆ. ಅದು ನಮ್ಮ ಗುಂಡಿಗೆ ಬರುವವರೆಗೆ ಕಾಯುವ ಜಾತಿಯಲ್ಲ ಅಪ್ಪಯ್ಯ. ಮೇಲಿನ ಮೂಲೆಯಲ್ಲಿ ಅಜ್ಜನ ಕಾಲದ ಒಂದು ಮರ ಇನ್ನೂ ಗಟ್ಟಿ ಇದೆ. ಅದರ ಹಣ್ಣಡಿಕೆ ಪಾತಿಗೆ ಹಾಕಿ ಇವರೇ ಸಸಿ ಎಬ್ಬಿಸಿದ್ದಾರೆ.

"ಇದಕ್ಕೂ ರೋಗ ಬಂದರೆ?" ಅಂದೆ.

"ಬರಬಹುದು" ಅಂದರು. ಅಷ್ಟೇ.

ಒಂದು ಕವಳ ಹಾಕಿ ಮುಗಿಸಿದ ಮೇಲೆ ಮಾತು ಮುಂದುವರಿಯಿತು. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆ ರೋಗಕ್ಕೂ ಒಂದು ಕಾಲದಲ್ಲಿ ಮದ್ದಿರಲಿಲ್ಲವಂತೆ. 1910ರ ಸುಮಾರಿಗೆ ಮೈಸೂರು ಸರ್ಕಾರದ ಕೋಲ್ಮನ್ ಸಾಹೇಬರು ಮಲೆನಾಡಿಗೆ ಬಂದು, ಮೈಲುತುತ್ತು-ಸುಣ್ಣದ ದ್ರಾವಣ ಹೊಡೆಯೋದು ತೋರಿಸಿಕೊಟ್ಟ ಮೇಲೇ ಜನಕ್ಕೆ ಉಸಿರು ಬಂದಿದ್ದು. "ಅದಕ್ಕೆ ಮೊದಲಿನವರು ನೆಡದೇ ಕೂತಿದ್ರೆ ಅವರು ಔಷಧಿ ಹೊಡೆಯೋದು ಯಾವ ಮರಕ್ಕೆ?"

ಇದಕ್ಕೆ ಏನು ಹೇಳೋದು, ನೀನೇ ಹೇಳು.

ಅಪ್ಪಯ್ಯನ ಈ "ಕಾಲ ಕೂಡಿ ಬರಬೇಕು" ಅನ್ನೋ ಮಾತು ನನಗೆ ಮೊದಲಿಂದಲೂ ಆಗದು. ನನ್ನ ಮದುವೆ ಆರು ವರ್ಷ ಆ ಮಾತಿನಲ್ಲೇ ಮುಂದೆ ಹೋಯಿತು. ಕೈ ಕಟ್ಟಿ ಕೂರುವವರ ಮಾತು ಅಂದುಕೊಂಡಿದ್ದೆ. ಇವರು ನೋಡಿದರೆ ಅದನ್ನೇ ಹೇಳಿಕೊಂಡು ಗುಂಡಿ ತೋಡುತ್ತಾರೆ!

ಅತ್ತೆ ಹೇಳಿದರು, ದೇವಸ್ಥಾನದಲ್ಲಿ ಒಂದು ಸಲ ಪ್ರಸಾದ ಕೇಳಿ ನೆಡು ಅಂತ. ಬಲಕ್ಕೆ ಹೂ ಬಿದ್ದರೆ ಧೈರ್ಯ ಅಲ್ವಾ? ದಿನಾ ಪೂಜೆ ಮಾಡದೆ ಕಾಫಿ ಕುಡಿಯದ ಅಪ್ಪಯ್ಯ ಒಪ್ಪಲಿಲ್ಲ. "ಎಡಕ್ಕೆ ಬಿದ್ರೆ ನಾನು ನೆಡದೆ ಇರ್ತೇನಾ? ಮತ್ಯಾಕೆ ಸುಮ್ನೆ ದೇವರಿಗೆ ತೊಂದರೆ?"

ಅವರು ಕೇಳಲಿಲ್ಲ. ನಾನು ಕೇಳಿದೆ. ಗುಟ್ಟಾಗಿ ಹೋಗಿ.

ಎಡಕ್ಕೆ ಬಿದ್ದರೆ ನೆಡೋದು ನಿಲ್ಲಿಸಿ, ತೋಟ ಕೊಟ್ಟುಬಿಡೋಣ ಅಂತ ಅಪ್ಪಯ್ಯನಿಗೆ ಹೇಳುವುದು. ಇದು ನನ್ನ ಹರಕೆ. ರೆಸಾರ್ಟಿಗೆ ಜಾಗ ಹುಡುಕುವ ಬ್ರೋಕರ್ ಒಬ್ಬರ ಕಾರ್ಡು ಎಂಟು ತಿಂಗಳಿಂದ ನನ್ನ ಪರ್ಸಿನಲ್ಲಿದೆ. ನಿನಗೂ ಹೇಳಿರಲಿಲ್ಲ. ಇನ್ನೂ ಒಂದಿದೆ. ಮೊದಲ ಸಲ ಸೋಗೆ ಹಳದಿಯಾದ ಸುದ್ದಿ ಬಂದಾಗ ನನಗೆ ಒಳಗೊಳಗೇ ಸಮಾಧಾನ ಆಗಿತ್ತು. ಅಬ್ಬ, ಇನ್ನು ಇವರು ಬಿಟ್ಟುಕೊಡುತ್ತಾರೆ, ನಾನು ವಾಪಸ್ ಬರಬೇಕಾಗಿಲ್ಲ ಅಂತ. ಪ್ರತಿ ಭಾನುವಾರ ಬೆಂಗಳೂರಿಂದ ಫೋನ್ ಮಾಡಿ "ಮರ ಹೇಗಿವೆ ಅಪ್ಪಯ್ಯ?" ಅಂತ ಕೇಳುತ್ತಿದ್ದೆ. ಯಾವ ಉತ್ತರಕ್ಕೆ ಕಾಯುತ್ತಿದ್ದೆ ಅಂತ ಈಗ ಯೋಚಿಸಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಸರಿ, ಪ್ರಸಾದದ ಕಥೆ ಕೇಳು. ಭಟ್ಟರು ಆರತಿ ಎತ್ತಿದರು. ದೇವಿಯ ಮುಡಿಯಲ್ಲಿ ಒದ್ದೆ ದಾಸವಾಳ. ಹತ್ತು ನಿಮಿಷ ಒಂದು ಎಸಳೂ ಅಲ್ಲಾಡಲಿಲ್ಲ. ಅಷ್ಟರಲ್ಲಿ ಜೇಬಲ್ಲಿ ಫೋನ್ ಗುರ್ ಅಂದಿತು. ತೆಗೆದೆ. ನೀನು ಕಳಿಸಿದ ಆ ದರಿದ್ರ ಕೋತಿ ವಿಡಿಯೋ! ತಲೆ ಎತ್ತುವಾಗ ಗಂಟೆ ಬಾರಿಸುತ್ತಿತ್ತು. "ಆಯ್ತಲ್ಲ, ನೋಡಿದ್ರಲ್ಲ" ಅಂದರು ಭಟ್ಟರು. ಹೂ ಆಗಲೇ ಅವರ ಕೈಯಲ್ಲಿತ್ತು. ಬಾಳೆಲೆ ಚೂರಿನ ಮೇಲಿಟ್ಟು ಕೊಟ್ಟರು. ಯಾವ ಕಡೆ ಬಿತ್ತು ಅಂತ ಕೇಳಲು ಬಾಯಿ ಬರಲಿಲ್ಲ.

ಮನೆಗೆ ಬಂದೆ. ಅಪ್ಪಯ್ಯ ಗುಂಡಿ ಹತ್ತಿರ ಇದ್ದರು.

"ಎಲ್ಲಿಗೆ ಹೋಗಿದ್ದೆ?"

"ಸುಣ್ಣ ತರೋಕೆ."

ಕೈಯಲ್ಲಿ ಸುಣ್ಣ ಇಲ್ಲ, ಹಣೆ ಮೇಲೆ ಕುಂಕುಮ ಇದೆ. ಒಂದು ಸಲ ನೋಡಿದರು. "ಸಸಿ ನೆಟ್ಟಗೆ ಹಿಡ್ಕೋ" ಅಂದರು. ಹಿಡಿದೆ. ಮಣ್ಣು ಎಳೆದು, ಸುತ್ತ ಹಿಮ್ಮಡಿಯಲ್ಲಿ ತುಳಿದು, ಸಸಿಯನ್ನು ಮೆಲ್ಲಗೆ ಅಲ್ಲಾಡಿಸಿ ನೋಡಿ, ಮುಂದಿನ ಗುಂಡಿಗೆ ಹೋದರು. ಸಂಜೆಯೊಳಗೆ 31 ಆಯಿತು. ನನ್ನ ಸೊಂಟ ನಾಲ್ಕನೆಯದಕ್ಕೇ ಹೋಗಿತ್ತು.

ಹಾಗಂತ ನಾನು ಭಕ್ತನಾಗಿಬಿಟ್ಟೆ ಅಂದುಕೊಳ್ಳಬೇಡ. ಬ್ರೋಕರ್ ಕಾರ್ಡು ಇನ್ನೂ ಪರ್ಸಲ್ಲೇ ಇದೆ. ಹರಿದು ಬಿಸಾಕಿದೆ ಅಂತ ಬರೆದಿದ್ದರೆ ಲೈಕ್ ಜಾಸ್ತಿ ಬರುತ್ತಿದ್ದವು, ಗೊತ್ತು.

ಅಪ್ಪಯ್ಯನಿಗೆ ಫೇಸ್‌ಬುಕ್ ಇಲ್ಲ ಅನ್ನೋ ಧೈರ್ಯದ ಮೇಲೆ ಇಷ್ಟು ಬರೆದೆ. ಅತ್ತೆಗೆ ಇದೆ ಅಂತ ಈಗ ನೆನಪಾಯ್ತು. ಅತ್ತೆ, ನಿಮ್ಮ ಕಾಲಿಗೆ ಬೀಳುತ್ತೇನೆ, ಬಾಯಿ ಬಿಡಬೇಡಿ.

ನೀನು ಬರುವಾಗ ಕೊಪ್ಪದಲ್ಲಿ ಇಳಿದು ಐದು ಕೆಜಿ ಸುಣ್ಣ ತಾ. ನಿಜವಾಗಿಯೂ ಬೇಕು, ಮಳೆ ಹಿಡಿಯುವ ಮೊದಲು ಔಷಧಿ ಹೊಡೆಯಬೇಕು. ಹಳದಿ ಕೊಡೆ ಕಂಡರೆ ರಸ್ತೆಯ ಆಚೆ ಬದಿಯಲ್ಲಿ ನಡಿ.

ನಿನ್ನ,
ವೈಸ್ ಕ್ಯಾಪ್ಟನ್