ಭೂಮಿಪುತ್ರರೆಂಬ ಹೆಸರು ಗಾವಡಾ, ಕುಣಬಿ, ವೇಳಿಪರಿಗೇ ಇರಲಿ: ಗೋವಾ ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಗೋವಾ ರಾಜ್ಯದ ಸನ್ಮಾನ್ಯ ಮುಖ್ಯಮಂತ್ರಿಗಳಿಗೆ,

ಗೌರವಪೂರ್ವಕ ನಮಸ್ಕಾರಗಳು.

ವಾಸ್ಕೊ ಸುತ್ತಮುತ್ತ ಕನ್ನಡಿಗರು ನಡೆಸುವ ಸಮಾರಂಭಗಳಿಗೆ ಬರುವ ಅತಿಥಿಗಳು ನಮ್ಮನ್ನು ಸಂತೋಷಪಡಿಸಲೆಂದು, 'ನೀವೂ ಈ ನೆಲದ ಭೂಮಿಪುತ್ರರೇ' ಎಂದು ಹೇಳುವುದು ರೂಢಿಯಾಗಿದೆ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಮೆಗೆಂದು ಬಂದು, ಇಲ್ಲಿಯೇ ಮಕ್ಕಳು ಮೊಮ್ಮಕ್ಕಳನ್ನು ಕಂಡ ಕುಟುಂಬಗಳಲ್ಲಿ ನಮ್ಮದೂ ಒಂದು. ಆ ಮಾತಿನ ಹಿಂದಿನ ವಿಶ್ವಾಸವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಹೆಸರು ಗೋವೆಯ ಆದಿವಾಸಿಗಳಾದ ಗಾವಡಾ, ಕುಣಬಿ, ವೇಳಿಪರದು, ನಮಗೆ ಸಲ್ಲತಕ್ಕದ್ದಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ವೇದಿಕೆಯ ಈ ಮಾತು 2021ರಲ್ಲಿ ಕಾನೂನಾಗುವ ಹಂತಕ್ಕೆ ಬಂದಿತ್ತು. ಆ ವರ್ಷದ ಜುಲೈ 30ರಂದು ವಿಧಾನಸಭೆ ಅಂಗೀಕರಿಸಿದ ಗೋವಾ ಭೂಮಿಪುತ್ರ ಅಧಿಕಾರಿಣಿ ಮಸೂದೆಯು, 30 ವರ್ಷ ಇಲ್ಲಿ ನೆಲೆಸಿದವರನ್ನು ಭೂಮಿಪುತ್ರರೆಂದು ಕರೆದು, 2019ರ ಏಪ್ರಿಲ್ 1ಕ್ಕೆ ಮೊದಲು ಕಟ್ಟಿದ, 250 ಚದರ ಮೀಟರ್ ಮೀರದ ಮನೆಯ ಒಡೆತನವನ್ನು ಕೇಳಲು ಅವರಿಗೆ ಅವಕಾಶ ಕೊಡುತ್ತಿತ್ತು. ಆದಿವಾಸಿ ಸಂಘಟನೆಗಳು ಬಲವಾಗಿ ವಿರೋಧಿಸಿದವು. 'ಭೂಮಿಪುತ್ರ' ಎಂಬುದನ್ನು ಕೈಬಿಟ್ಟು 'ಭೂಮಿ ಅಧಿಕಾರಿಣಿ' ಎಂದು ಹೆಸರು ಬದಲಿಸುವುದಾಗಿ ಸರ್ಕಾರವೇ ಹೇಳಬೇಕಾಯಿತು. ಕೊನೆಗೆ ಮಸೂದೆ ಜಾರಿಗೆ ಬರಲೇ ಇಲ್ಲ. ಬಾಯಿಗೆ ಬಂದ ತುತ್ತು ತಪ್ಪಿತೆಂದು ನಮ್ಮವರಲ್ಲಿ ಅನೇಕರು ಆಗ ಆದಿವಾಸಿಗಳ ಮೇಲೆಯೇ ಸಿಟ್ಟಾದರು. ಆ ಸಿಟ್ಟಿನಲ್ಲಿ ನ್ಯಾಯವಿರಲಿಲ್ಲ.

ನಮ್ಮ ಕಷ್ಟವೇನೂ ಸುಳ್ಳಲ್ಲ. ನಮ್ಮ ಕೇರಿಯ ಯಾವ ಮನೆಯ ಟ್ರಂಕು ತೆಗೆದರೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಾಗದಗಳ ಕಟ್ಟೊಂದು ಸಿಗುತ್ತದೆ: ಮನೆ ತೆರಿಗೆಯ ರಸೀದಿ, ಹಳೆಯ ಕರೆಂಟ್ ಬಿಲ್ಲು, ರೇಷನ್ ಕಾರ್ಡು, ಮಾಮಲೇದಾರರ ಕಚೇರಿಯಿಂದ ಪಡೆದ ವಾಸದ ದಾಖಲೆ. ಇಷ್ಟೆಲ್ಲ ಇದ್ದರೂ ಭೂದಾಖಲೆಯ ಒಂದು ಮತ್ತು ಹದಿನಾಲ್ಕನೆಯ ನಮೂನೆಯಲ್ಲಿ (ನಮ್ಮ ಕಡೆಯ ಪಹಣಿಯಂಥದ್ದು) ಇರುವುದು ಬೇರೆಯವರ ಹೆಸರು. ಆದ್ದರಿಂದ ಮನೆ ತೆರವಿನ ಸುದ್ದಿ ಎಲ್ಲಿ ಕೇಳಿದರೂ ನಮ್ಮ ಎದೆ ಝಲ್ಲೆನ್ನುತ್ತದೆ. ಇದಕ್ಕೆ ಪರಿಹಾರ ಬೇಕು, ಮತ್ತು ಅದನ್ನು ನಾವು ದೀರ್ಘಕಾಲದ ನಿವಾಸಿಗಳೆಂದೇ ಕೇಳಬಹುದು. 2025ರಲ್ಲಿ ತಮ್ಮ ಸರ್ಕಾರ ತಂದ ಮನೆ ಸಕ್ರಮದ ಯೋಜನೆಗೆ 'ಮ್ಹಜೆಂ ಘರ್' (ನನ್ನ ಮನೆ) ಎಂಬ ಹೆಸರಿಟ್ಟಿದ್ದು ನನಗೆ ಸಮಾಧಾನ ತಂದಿತು. ಯಾರ ಗುರುತಿಗೂ ಕೈಹಾಕದೆ ಮನೆಯನ್ನು ಮನೆಯೆಂದೇ ಕರೆದ ಹೆಸರದು.

ಗಾವಡಾ, ಕುಣಬಿ ಮತ್ತು ವೇಳಿಪರ ಮಾತು ಬೇರೆ. ಕಾಡು ಕಡಿದು ಗದ್ದೆ ಮಾಡಿ, ಊರು ಕಟ್ಟಿದ ಮೊದಲಿಗರೆಂದು ಗೋವೆಯ ಜನ ತಲೆಮಾರುಗಳಿಂದ ನೆನೆಯುವುದು ಅವರನ್ನು. ಪುಷ್ಯಮಾಸದ ರಾತ್ರಿಗಳಲ್ಲಿ ಅವರ ಹೆಂಗಸರು ಧಾಲೊ ಎಂಬ ಹಾಡು-ಕುಣಿತ ಆಡುವ ಮಾಂಡ ಬರಿಯ ಅಂಗಳವಲ್ಲ, ಊರಿನ ದೈವವಿರುವ ಜಾಗ. ಚಪ್ಪಲಿ ಬಿಟ್ಟೇ ಅಲ್ಲಿಗೆ ಕಾಲಿಡಬೇಕು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಕ್ರೈಸ್ತರಾಗಿದ್ದವರನ್ನು ಹಿಂದೂ ಧರ್ಮಕ್ಕೆ ಮರಳಿಸಿದ 1928ರ ಶುದ್ಧಿ ಚಳವಳಿಯ ನಂತರ ನವಹಿಂದೂ ಗಾವಡಾ ಎನಿಸಿಕೊಂಡವರೂ ಇದ್ದಾರೆ. ಒಂದೇ ಜನರನ್ನು ಹೊರಗಿನವರು ಇಷ್ಟು ಹೆಸರುಗಳಲ್ಲಿ ಹಂಚಿದ ಮೇಲೆ, ಅವರೆಲ್ಲರನ್ನೂ ಒಟ್ಟಿಗೆ ಹಿಡಿದಿಡುವ ಹೆಸರುಗಳು ಉಳಿದಿರುವುದೇ ಕೆಲವು.

ಹೆಸರಿಗೆ ಎಷ್ಟು ಶಕ್ತಿಯಿದೆಯೆಂಬುದಕ್ಕೆ ಜನಗಣತಿಯೇ ಸಾಕ್ಷಿ. 2001ರಲ್ಲಿ ಗೋವೆಯ ಪರಿಶಿಷ್ಟ ಪಂಗಡದವರ ಸಂಖ್ಯೆ 566. 2011ರಲ್ಲಿ ಅದು 1,49,275. ಇವರೇನು ಎಲ್ಲಿಂದಲೋ ಬಂದವರಲ್ಲ. ಈ ಮೂರು ಸಮುದಾಯಗಳು 2003ರಲ್ಲಿ ಪಟ್ಟಿಗೆ ಸೇರಿದವು, ಅಷ್ಟೆ. ಸೇರಿದ ಮೇಲೂ ಹಕ್ಕುಗಳು ತಾವಾಗಿ ಬರಲಿಲ್ಲ: 2011ರ ಮೇ 25ರಂದು ಬಾಳ್ಳಿ ಎಂಬ ಊರಿನಲ್ಲಿ ಈ ಹಕ್ಕುಗಳಿಗಾಗಿ ನಡೆದ ಹೋರಾಟದಲ್ಲಿ ಇಬ್ಬರು ಯುವಕರು ಪ್ರಾಣ ತೆತ್ತರು, ಮತ್ತು 40 ಸ್ಥಾನಗಳ ವಿಧಾನಸಭೆಯಲ್ಲಿ ಮೀಸಲು ಸ್ಥಾನಕ್ಕೆ ದಾರಿ ಮಾಡುವ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿದ್ದು 2025ರಲ್ಲಿ. 2006ರ ಅರಣ್ಯ ಹಕ್ಕು ಕಾಯ್ದೆಯು ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳಿಂದ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸದ ಪುರಾವೆ ಕೇಳುತ್ತದೆ. ಅಷ್ಟಾದರೂ ಅವರನ್ನು ಆದಿವಾಸಿಗಳೆಂದು ಕರೆಯುವುದಿಲ್ಲ. ಹಾಗಿರುವಾಗ 30 ವರ್ಷಕ್ಕೆ ಭೂಮಿಪುತ್ರರಾಗುವುದು ಹೇಗೆ?

ಗೋವೆಯನ್ನು ಕದಂಬರು ಆಳಿದರು, ಇಲ್ಲಿ ಕನ್ನಡ ಶಾಸನಗಳಿವೆ, ಹಾಗಾಗಿ ನಾವೂ ಮೂಲನಿವಾಸಿಗಳೇ ಎಂದು ವಾದಿಸುವ ಕನ್ನಡಿಗರಿದ್ದಾರೆ. ಅರಸರ ಶಾಸನ ಅರಸೊತ್ತಿಗೆಗೆ ಸಾಕ್ಷಿಯಾದೀತೇ ಹೊರತು, ರೈಲು ಹತ್ತಿ ಬಂದ ನಮ್ಮ ಹಿರಿಯರ ಮೂಲಕ್ಕಲ್ಲ. ಕದಂಬರ ಮೇಲೆ ನನಗೂ ಅಭಿಮಾನವಿದೆ. ಆದರೂ ಹೀಗೆ ಹೇಳಲೇಬೇಕು. ಗಡಿಯಾಚೆ ನಮ್ಮದೇ ಉತ್ತರ ಕನ್ನಡದ ಜೋಯಿಡಾದಲ್ಲಿ ಕುಣಬಿಗಳು ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ವರ್ಷಗಳಿಂದ ಬೇಡಿಕೆ ಇಡುತ್ತಲೇ ಬಂದಿದ್ದಾರೆ. ಅಲ್ಲಿ ಅವರ ಪರವಾಗಿ ಮಾತಾಡುವ ಕನ್ನಡಿಗರು ಇಲ್ಲಿ ಅವರ ಹೆಸರಿನಲ್ಲಿ ಪಾಲು ಕೇಳುವುದು ಸರಿಯಲ್ಲ.

ಇನ್ನೊಂದು ಕಡೆಯ ನೋವನ್ನೂ ತಾವು ಅರಿಯಬೇಕು. ಸರ್ಕಾರಿ ಕಚೇರಿಯೊಂದರ ಸರದಿಯಲ್ಲಿ, ನನ್ನ ತಾಯಿಯ ಎದುರಿಗೇ, ನಮ್ಮನ್ನು 'ಘಾಟಿ'ಗಳೆಂದು (ಘಟ್ಟದಾಚೆಯವರೆಂದು) ಹೀಯಾಳಿಸಿದ್ದನ್ನು ನಾನು ಮರೆತಿಲ್ಲ. 'ಭಾಯ್ಲೆ', ಅಂದರೆ ಹೊರಗಿನವರು, ಎಂಬ ಮಾತಂತೂ ದಿನನಿತ್ಯ ಕಿವಿಗೆ ಬೀಳುತ್ತದೆ. ಹೀಗೆ ಅವಮಾನಿತರಾದವರಿಗೆ ಭೂಮಿಪುತ್ರ ಎಂಬ ಬಿರುದು ಮದ್ದಿನಂತೆ ಕಾಣುವುದು ಸಹಜ. ಆದರೆ ನಮಗೆ ಬೇಕಾದದ್ದು ಕಚೇರಿಯ ಕಿಟಕಿಯಲ್ಲಿ ಮರ್ಯಾದೆಯ ಮಾತು ಮತ್ತು ತಲೆಯ ಮೇಲಿನ ಸೂರಿಗೆ ಭದ್ರತೆ.

ಆದ್ದರಿಂದ ತಮ್ಮಲ್ಲಿ ಮೂರು ವಿನಂತಿಗಳು. ಭೂಮಿಪುತ್ರ, ಮೂಲನಿವಾಸಿ, ಆದಿವಾಸಿ ಎಂಬ ಪದಗಳನ್ನು ಇನ್ನು ಮುಂದೆ ಯಾವುದೇ ಮಸೂದೆ, ಸುತ್ತೋಲೆ ಅಥವಾ ಜಾಹೀರಾತಿನಲ್ಲಿ ವಾಸದ ವರ್ಷಗಳಿಗೆ ಗಂಟು ಹಾಕಬಾರದು; ಬಳಸುವ ಮೊದಲು ಆ ಸಮುದಾಯಗಳ ಅಭಿಪ್ರಾಯ ಪಡೆಯಬೇಕು. ಸಾಂಗೆ, ಕೆಪೆ, ಕಾಣಕೋಣ ತಾಲ್ಲೂಕುಗಳಲ್ಲಿ ಉಳಿದಿರುವ ಅರಣ್ಯ ಹಕ್ಕಿನ ಅರ್ಜಿಗಳನ್ನು ನಮ್ಮ ಮನೆಗಳ ಸಕ್ರಮಕ್ಕಿಂತ ಮೊದಲು ಇತ್ಯರ್ಥಪಡಿಸಬೇಕು. ನಮ್ಮನ್ನು ಕುರಿತು ಬರೆಯುವಾಗ 'ದೀರ್ಘಕಾಲದ ನಿವಾಸಿಗಳು' ಎಂದು ಬರೆದರೆ ಸಾಕು. ಆ ಹೆಸರಿನಲ್ಲಿಯೇ ನಮ್ಮ ಅರ್ಜಿಗಳನ್ನು ಸ್ವೀಕರಿಸಬೇಕು.

ತಮ್ಮ ವಿಶ್ವಾಸಿ,
ವಾಸ್ಕೊದ ಒಬ್ಬ ಕನ್ನಡಿಗ