ಸಮಾನತೆಯ ಲೆಕ್ಕದಲ್ಲಿ ಗಂಡಸರ ಪಾಲು

ನಮ್ಮ ಸಂಘದ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ ಬಂದ ಮಹಿಳಾ ದಿನಾಚರಣೆಯ ವರದಿ ಓದಿ ಸಂಘದ ಸದಸ್ಯರೊಬ್ಬರು ಕೋಪದಿಂದಲೇ ಪತ್ರ ಬರೆದಿದ್ದಾರೆ. "ಸ್ತ್ರೀವಾದಿಗಳು ಸಮಾನತೆ ಸಮಾನತೆ ಅನ್ನುತ್ತಾರೆ, ಕೇಳುವುದೆಲ್ಲ ಹೆಂಗಸರಿಗೆ ಬೇಕಾದ್ದನ್ನೇ. ಗಂಡಸಿಗೆ ಅನ್ಯಾಯವಾದಾಗ ಇವರಲ್ಲಿ ಒಬ್ಬರಾದರೂ ಕೋರ್ಟಿನ ಮೆಟ್ಟಿಲು ಹತ್ತಿದ್ದುಂಟೇ?" ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಆದರೆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಹತ್ತಿದ್ದುಂಟು. ಅದೂ ಅಮೆರಿಕದಲ್ಲಿ ನಾವು ಮನೆ ಮಾಡಿಕೊಂಡಿರುವ ಈ ನ್ಯೂಜೆರ್ಸಿಯ ಗಂಡಸೊಬ್ಬನಿಗಾಗಿ.

1972ರ ಜೂನ್ ತಿಂಗಳು. ಪೌಲಾ ವೀಸನ್‌ಫೆಲ್ಡ್ ಎಂಬ ಶಿಕ್ಷಕಿ ಹೆರಿಗೆಯಲ್ಲಿ ತೀರಿಕೊಂಡರು. ಮಗು ಉಳಿಯಿತು. ಗಂಡ ಸ್ಟೀಫನ್‌ಗೆ ಸ್ವಂತದ್ದೊಂದು ಸಣ್ಣ ಕನ್ಸಲ್ಟಿಂಗ್ ಕೆಲಸವಿತ್ತು, ಆದಾಯ ಅಷ್ಟಕ್ಕಷ್ಟೆ. ಸಂಸಾರ ನಡೆಯುತ್ತಿದ್ದದ್ದು ಮುಖ್ಯವಾಗಿ ಪೌಲಾ ಅವರ ಸಂಬಳದಿಂದ. ಮಗುವನ್ನು ತಾನೇ ನೋಡಿಕೊಳ್ಳುತ್ತೇನೆಂದು ಸ್ಟೀಫನ್ ತೀರ್ಮಾನಿಸಿ ಸೋಶಿಯಲ್ ಸೆಕ್ಯುರಿಟಿ ಕಚೇರಿಗೆ ಹೋದ. ದುಡಿಯುವವರ ಸಂಬಳದಿಂದ ಕಡಿತ ಮಾಡಿ, ಅವರ ಮುಪ್ಪಿಗೆ ಅಥವಾ ಅವರು ಸತ್ತರೆ ಸಂಸಾರಕ್ಕೆ ನೆರವು ಕೊಡುವ ಸರ್ಕಾರಿ ವ್ಯವಸ್ಥೆ ಅದು. ಮಗುವಿನ ಹೆಸರಿಗೆ ಹಣ ಬರುತ್ತದೆ, ನಿನ್ನ ಹೆಸರಿಗೆ ಬರುವುದಿಲ್ಲ ಎಂದರು. ಮನೆಯಲ್ಲಿ ಉಳಿದು ಮಗು ಸಾಕುವ ವಿಧವೆಗೆ ಕೊಡುತ್ತಿದ್ದ ಆ ಹಣಕ್ಕೆ ಕಾನೂನಿನಲ್ಲಿದ್ದ ಹೆಸರೇ ತಾಯಿಯ ಸೌಲಭ್ಯ. ವಿಧುರನಿಗೆ ಅದರಲ್ಲಿ ಜಾಗವಿರಲಿಲ್ಲ.

ಆತ ಸ್ಥಳೀಯ ಪತ್ರಿಕೆಗೆ ಒಂದು ಪತ್ರ ಬರೆದ. ಹೆಂಗಸಿಗೆ ಸಿಗುವುದು ಗಂಡಸಿಗೆ ಸಿಗದೆಂಬುದು ದುರದೃಷ್ಟದಿಂದ ತನಗೀಗ ತಿಳಿಯಿತು ಎಂದು ಹೇಳಿ, ಗ್ಲೋರಿಯಾ ಸ್ಟೈನಮ್‌ಗೆ ಇದು ಗೊತ್ತೋ ಇಲ್ಲವೋ ಎಂದು ಕೊನೆಗೊಂದು ಚುಚ್ಚು ಮಾತು ಸೇರಿಸಿದ. ಆಗ ಸ್ಟೈನಮ್ ಎಂದರೆ ಈ ದೇಶದ ಸ್ತ್ರೀವಾದದ ಮುಖ. ನಮ್ಮ ಸದಸ್ಯರ ಪತ್ರದಲ್ಲಿರುವ ಧಾಟಿಯೂ ಇದೇ. ರಟ್ಗರ್ಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿಯೊಬ್ಬರ ಕಣ್ಣಿಗೆ ಬಿದ್ದ ಆ ಪತ್ರ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರ ಕೈ ಸೇರಿತು. ನೆವಾರ್ಕಿನ ರಟ್ಗರ್ಸ್ ಕಾನೂನು ಶಾಲೆಯಲ್ಲಿ 1963ರಿಂದ ಪಾಠ ಮಾಡಿದ್ದ ಆಕೆ ಆಗಷ್ಟೇ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿದ್ದರು. ನಾಗರಿಕ ಹಕ್ಕುಗಳಿಗಾಗಿ ಹೋರಾಡುವ ಎಸಿಎಲ್‌ಯು ಸಂಸ್ಥೆಯಲ್ಲಿ ಸ್ತ್ರೀ ಹಕ್ಕುಗಳ ಮೊಕದ್ದಮೆಗಳಿಗೆಂದೇ ಒಂದು ವಿಭಾಗ ಕಟ್ಟುತ್ತಿದ್ದರು. ಆ ವಿಭಾಗ ಕೈಗೆತ್ತಿಕೊಂಡ ಮೊಕದ್ದಮೆಗಳಲ್ಲಿ ಈ ವಿಧುರನದೂ ಒಂದಾಯಿತು.

ಸುಪ್ರೀಂ ಕೋರ್ಟಿನಲ್ಲಿ ವಾದಿಸುವಾಗ ಗಿನ್ಸ್‌ಬರ್ಗ್ ಸ್ಟೀಫನ್‌ನನ್ನು ವಕೀಲರ ಮೇಜಿನಲ್ಲಿ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಪೀಠದ ಮೇಲಿದ್ದವರೆಲ್ಲ ಗಂಡಸರು, ತಮ್ಮಂಥ ಒಬ್ಬ ಗಂಡಸಿನ ಮುಖ ಅವರ ಕಣ್ಣೆದುರಿಗಿರಲಿ ಎಂಬುದು ಲೆಕ್ಕಾಚಾರ. 1975ರ ಮಾರ್ಚಿನಲ್ಲಿ ಎಂಟಕ್ಕೆ ಎಂಟೂ ಮತ ಸ್ಟೀಫನ್ ಕಡೆಗೆ ಬಿದ್ದವು. ನ್ಯಾಯಮೂರ್ತಿ ಬ್ರೆನನ್ ಬರೆದ ತೀರ್ಪಿನ ತರ್ಕವನ್ನು ನಮ್ಮ ಸದಸ್ಯರು ಗಮನಿಸಬೇಕು. ಅನ್ಯಾಯವಾದದ್ದು ಮೊದಲು ಪೌಲಾಗೆ. ಅಷ್ಟು ವರ್ಷ ದುಡಿದು ಗಂಡಸರಷ್ಟೇ ತೆರಿಗೆ ಕಟ್ಟಿದರೂ ಆಕೆಯ ಸಂಬಳ ಆಕೆಯ ಸಂಸಾರಕ್ಕೆ ಗಂಡಸಿನ ಸಂಬಳದಷ್ಟು ರಕ್ಷಣೆ ಕೊಡಲಿಲ್ಲ. ಹೆಂಗಸಿನ ದುಡಿಮೆ ಕೈಖರ್ಚಿಗೆ, ಗಂಡಸಿನ ದುಡಿಮೆ ಸಂಸಾರಕ್ಕೆ ಎಂಬ ನಂಬಿಕೆಯೇ ಆ ಕಾನೂನಿನ ಬುಡ. ಆ ನಂಬಿಕೆ ಸತ್ತ ಹೆಂಡತಿಯ ದುಡಿಮೆಯನ್ನು ಸಣ್ಣದು ಮಾಡಿತು, ಬದುಕಿದ್ದ ಗಂಡನನ್ನು ಮಗುವಿನಿಂದ ದೂರವಿಡಲು ನೋಡಿತು. ಪೀಠದ ಸಂಪ್ರದಾಯವಾದಿ ರೆನ್‌ಕ್ವಿಸ್ಟ್ ಬೇರೆ ದಾರಿಯಿಂದ ಬಂದು ಅದೇ ಕಡೆ ತಲುಪಿದರು: ಉಳಿದಿರುವ ಒಬ್ಬರ ಆರೈಕೆ ಮಗುವಿಗೆ ಸಿಗಬೇಕು, ಆ ಒಬ್ಬರು ತಾಯಿಯೋ ತಂದೆಯೋ ಎಂದು ನೋಡುವುದರಲ್ಲಿ ಅರ್ಥವಿಲ್ಲ.

ಇಂದು ಅದು ತಾಯಿಯ ಮತ್ತು ತಂದೆಯ ಸೌಲಭ್ಯ, 16 ವರ್ಷದೊಳಗಿನ ಮಗುವನ್ನು ನೋಡಿಕೊಳ್ಳುತ್ತಿರುವ ಇಬ್ಬರಲ್ಲಿ ಯಾರಿಗಾದರೂ ಸಿಗುತ್ತದೆ. ನಮ್ಮಲ್ಲಿ ಹೆಂಡತಿಯ ಸಂಬಳದಿಂದ ಕಡಿತವಾಗುವ ಸೋಶಿಯಲ್ ಸೆಕ್ಯುರಿಟಿ ಹಣಕ್ಕೆ ಇಂಥದೊಂದು ಫಲ ಇದೆಯೆಂದು ಎಷ್ಟು ಗಂಡಂದಿರಿಗೆ ಗೊತ್ತು?

ಗಿನ್ಸ್‌ಬರ್ಗ್ ಗಂಡಸಿಗಾಗಿ ವಾದಿಸಿದ್ದು ಇದೊಂದೇ ಸಲವಲ್ಲ. ಡೆನ್ವರಿನ ಚಾರ್ಲ್ಸ್ ಮೋರಿಟ್ಜ್ ಮದುವೆಯಾಗದ ಗಂಡಸು, ಮುದಿ ತಾಯಿಯ ಆರೈಕೆಗೆ ಆಳು ಇಟ್ಟು ಆ ಖರ್ಚಿಗೆ ತೆರಿಗೆ ವಿನಾಯಿತಿ ಕೇಳಿದ. ಹೆಂಗಸಿಗಾದರೆ ಉಂಟು, ವಿಧುರನಿಗೂ ಉಂಟು, ಅವಿವಾಹಿತ ಗಂಡಸಿಗೆ ಮಾತ್ರ ಇಲ್ಲ ಎಂಬ ನಿಯಮ ಅಡ್ಡ ಬಂತು. ಮದುವೆಯಾಗದ ಮಗ ತಾಯಿಯನ್ನು ನೋಡಿಕೊಂಡಾನು ಎಂಬುದು ಆ ನಿಯಮ ಬರೆದವರಿಗೆ ಹೊಳೆದೇ ಇರಲಿಲ್ಲ! 1972ರಲ್ಲಿ ಮೇಲ್ಮನವಿ ನ್ಯಾಯಾಲಯ ಅವನ ಪರ ತೀರ್ಪಿತ್ತಿತು. ಗಿನ್ಸ್‌ಬರ್ಗ್ ದಂಪತಿ ಒಟ್ಟಿಗೆ ನಡೆಸಿದ ಮೊಕದ್ದಮೆ ಅದು.

ಇದೆಲ್ಲ ತಂತ್ರವಷ್ಟೇ, ಗಂಡಸು ನ್ಯಾಯಾಧೀಶರನ್ನು ಒಲಿಸಿಕೊಳ್ಳುವ ಉಪಾಯ ಎಂದು ಆಗಲೇ ಹೇಳಿದವರಿದ್ದರು. ತಂತ್ರವೂ ಹೌದು, ಯಾಕಿರಬಾರದು? ಆದರೆ ಬರೀ ತಂತ್ರವಾಗಿದ್ದರೆ 1974ರ ಫ್ಲೋರಿಡಾದ ಮೊಕದ್ದಮೆಯನ್ನು ಆಕೆ ಮುಟ್ಟುತ್ತಿರಲಿಲ್ಲ. ಅಲ್ಲಿ ವಿಧವೆಯರಿಗೆ 500 ಡಾಲರ್ ಮೌಲ್ಯದ ಆಸ್ತಿಯ ಮೇಲೆ ತೆರಿಗೆ ವಿನಾಯಿತಿಯಿತ್ತು, ವಿಧುರರಿಗಿರಲಿಲ್ಲ. ಮೆಲ್ ಕಾನ್ ಎಂಬ ವಿಧುರನ ಪರವಾಗಿ, ಹೆಂಗಸರಿಗಷ್ಟೇ ಸಿಗುತ್ತಿದ್ದ ಆ ಅನುಕೂಲದ ವಿರುದ್ಧ ಸ್ತ್ರೀವಾದಿ ವಕೀಲೆ ನಿಂತರು. ಸೋತರು. ಸುಪ್ರೀಂ ಕೋರ್ಟಿನಲ್ಲಿ ವಾದಿಸಿದ ಆರು ಮೊಕದ್ದಮೆಗಳಲ್ಲಿ ಆಕೆ ಸೋತದ್ದು ಅದೊಂದೇ. ಗಂಡ ಸತ್ತ ಹೆಂಗಸಿಗೆ ಕೆಲಸ ಸಿಗುವುದು ಕಷ್ಟ, ಆದ್ದರಿಂದ ವಿನಾಯಿತಿ ಸರಿ ಎಂದಿತು ಬಹುಮತ.

ಇಲ್ಲಿ ನಾನು ಪೂರ್ತಿ ಗಿನ್ಸ್‌ಬರ್ಗ್ ಪರ ಅಲ್ಲ. ದಯೆಯ ಹೆಸರಿನ ಸೌಲಭ್ಯ ಹೆಂಗಸನ್ನು ಕೈಲಾಗದವಳೆಂದು ಗೆರೆ ಎಳೆದು ಕೂರಿಸುತ್ತದೆ ಎಂಬ ಆಕೆಯ ಭಯ ನಿಜ. ಆದರೆ ಅದೇ ಅಳತೆಗೋಲನ್ನು ಎಲ್ಲ ಕಡೆಗೂ ಒಯ್ಯಲಾಗುವುದಿಲ್ಲ. 2023ರ ಜೂನ್‌ನಲ್ಲಿ ಕರ್ನಾಟಕದಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದಾಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡಿದ ನಗೆಚಾಟಿಕೆಗಳು ನೆನಪಿರಬಹುದು. ತವರಿಗೆ ಹೋಗಲೂ ಗಂಡನ ಮುಂದೆ ಕೈಯೊಡ್ಡಬೇಕಾದವಳಿಗೆ, ಮನೆಗೆಲಸಕ್ಕೆಂದು ದಿನಾ ಎರಡು ಬಸ್ಸು ಬದಲಿಸುವವಳಿಗೆ ಆ ಟಿಕೆಟ್ಟು ಏನೆಂಬುದು ಕಾರಿನಲ್ಲಿ ಓಡಾಡುವ ನಮಗೆ ತಿಳಿಯದು. ಬಡ ಗಂಡಸಿಗೂ ಕೊಡಲಿ ಎಂದರೆ ಒಪ್ಪುತ್ತೇನೆ, ಅವಳಿಂದ ಕಿತ್ತುಕೊಳ್ಳಿ ಎಂದರೆ ಒಪ್ಪಲಾರೆ.

ಇನ್ನು ಯುದ್ಧಕ್ಕೆ ಮಾತ್ರ ಗಂಡಸರೇ ಬೇಕೇ ಎಂಬ ಹಳೆಯ ಸವಾಲು. ಯುದ್ಧ ಬಂದರೆ ಸೇನೆಗೆ ಕಡ್ಡಾಯವಾಗಿ ಕರೆಯಲೆಂದು ಈ ದೇಶ ಇಟ್ಟುಕೊಂಡಿರುವ ಸೆಲೆಕ್ಟಿವ್ ಸರ್ವಿಸ್ ಪಟ್ಟಿಯಲ್ಲಿ ಹೆಸರಿರಬೇಕಾದದ್ದು ಹದಿನೆಂಟು ತುಂಬಿದ ನಮ್ಮ ಗಂಡುಮಕ್ಕಳದು ಮಾತ್ರ. 1981ರಲ್ಲಿ ಇದು ಸುಪ್ರೀಂ ಕೋರ್ಟಿಗೆ ಬಂದಾಗ ಹೆಂಗಸರನ್ನು ಹೊರಗಿಡುವುದು ತಪ್ಪೆಂದು ಅಭಿಪ್ರಾಯ ಸಲ್ಲಿಸಿದವರಲ್ಲಿ ನ್ಯಾಷನಲ್ ಆರ್ಗನೈಸೇಶನ್ ಫಾರ್ ವಿಮೆನ್ ಕೂಡ ಇತ್ತು. ನ್ಯಾಯಾಲಯ ಒಪ್ಪಲಿಲ್ಲ. ಗಂಡಸಿನ ಮೇಲಷ್ಟೇ ಹೊರೆ ಹೊರಿಸುತ್ತಿದ್ದ ಇನ್ನೊಂದು ನಿಯಮ, ವಿಚ್ಛೇದನವಾದರೆ ಜೀವನಾಂಶ ಗಂಡ ಮಾತ್ರ ಕೊಡಬೇಕೆಂಬ ಅಲಬಾಮಾದ ಕಾನೂನು, 1979ರಲ್ಲೇ ಬಿದ್ದಿತ್ತು.

ಭಾರತದಲ್ಲೂ ಇದಕ್ಕೆ ಒಪ್ಪುವ ಒಂದು ಪ್ರಸಂಗವಿದೆ. ವ್ಯಭಿಚಾರಕ್ಕೆ ಶಿಕ್ಷೆ ವಿಧಿಸುತ್ತಿದ್ದ ದಂಡಸಂಹಿತೆಯ 497ನೇ ಕಲಂ ಗಂಡಸನ್ನು ಮಾತ್ರ ಜೈಲಿಗೆ ಕಳಿಸುತ್ತಿತ್ತು. ಮೇಲ್ನೋಟಕ್ಕೆ ಹೆಂಗಸಿನ ಮೇಲೆ ಕರುಣೆ. ಒಳಗೆ ನೋಡಿದರೆ, ಗಂಡನ ಸಮ್ಮತಿಯಿದ್ದರೆ ಅದು ಅಪರಾಧವೇ ಅಲ್ಲ! ಅಂದರೆ ಹೆಂಡತಿ ಅವನ ಸೊತ್ತು, ಸೊತ್ತನ್ನು ಕೇಳದೆ ಮುಟ್ಟಿದವನು ತಪ್ಪಿತಸ್ಥ. 1985ರಲ್ಲಿ ಆ ಕಲಮನ್ನು ಎತ್ತಿಹಿಡಿದ ಪೀಠದಲ್ಲಿ ವೈ. ವಿ. ಚಂದ್ರಚೂಡ್ ಇದ್ದರು, 2018ರಲ್ಲಿ ರದ್ದುಮಾಡಿದ ಪೀಠದಲ್ಲಿ ಅವರ ಮಗ ಡಿ. ವೈ. ಚಂದ್ರಚೂಡ್. ಅರ್ಜಿ ಹಾಕಿದ್ದ ಜೋಸೆಫ್ ಶೈನ್ ಗಂಡಸು, ಅವನನ್ನು ಗೆಲ್ಲಿಸಿದ ವಾದದ ತಿರುಳು ಸ್ತ್ರೀವಾದಿಗಳು ಎಷ್ಟೋ ಕಾಲದಿಂದ ಹೇಳುತ್ತಿದ್ದದ್ದೇ.

ಸದಸ್ಯರ ಪತ್ರದಲ್ಲಿ ಭಾರತದ ದಂಡಸಂಹಿತೆಯ 498ಎ ಕಲಮಿನ ಬಗ್ಗೆಯೂ ಒಂದು ಪುಟವಿದೆ, ಗಂಡನೂ ಅವನ ಮನೆಯವರೂ ಹೆಂಡತಿಗೆ ಕೊಡುವ ಹಿಂಸೆಯನ್ನು ಅಪರಾಧವೆಂದ ಕಲಂ ಅದು. ಈ ದೇಶದಲ್ಲಿ ಕೂತ ಗಂಡನ ಮೇಲೆ, ಊರಿನಲ್ಲಿರುವ ಅವನ ಮುದಿ ತಂದೆತಾಯಿಯ ಮೇಲೆ ಒಟ್ಟಿಗೆ ದೂರು ದಾಖಲಾದ ಮನೆಗಳ ಸಂಕಟ ಸಣ್ಣದಲ್ಲ. ಕೂಡಲೇ ಬಂಧಿಸಬೇಡಿ, ಮೊದಲು ಅಗತ್ಯವಿದೆಯೇ ನೋಡಿ ಎಂದು 2014ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಪೊಲೀಸರಿಗೆ ಹೇಳಬೇಕಾಗಿ ಬಂತು. ಆದರೆ 2022ರ ಒಂದೇ ವರ್ಷದಲ್ಲಿ 6,000ಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ದಾಖಲಾದ ದೇಶ ಅದು. ದುರುಪಯೋಗಕ್ಕೆ ಮದ್ದು ಪೊಲೀಸ್ ತನಿಖೆ ನೆಟ್ಟಗಾಗುವುದರಲ್ಲಿದೆ. ಕಾನೂನೇ ಬೇಡ ಎಂಬ ಕೂಗಿಗೆ ಈ ಪತ್ರಿಕೆ ದನಿಗೂಡಿಸದು.

ಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ ಪತ್ರ ಬರೆದವರ ಪರ ವಾಲುತ್ತೇನೆ. ವಿಚ್ಛೇದನವಾದಾಗ ತಂದೆಗೂ ತಾಯಿಗೂ ಮಗುವಿನ ಮೇಲೆ ಸಮಪಾಲು ಇರಲೆಂಬ ಮಸೂದೆಗಳು ಇಲ್ಲಿನ ರಾಜ್ಯಗಳಲ್ಲಿ ಬಂದಾಗ ಕೆಲವು ಸ್ತ್ರೀವಾದಿ ಸಂಘಟನೆಗಳು ವಿರೋಧಿಸಿವೆ. ಹೊಡೆಯುವ ಗಂಡನ ಕೈಗೆ ಮಗು ಸಿಕ್ಕೀತೆಂಬ ಅವರ ಆತಂಕಕ್ಕೆ ಕಾರಣವಿದೆ. ಆದರೂ ತೊಟ್ಟಿಲು ತೂಗಲು ಗಂಡಸು ಬರಲಿ ಎಂದು ಕರೆದವರೇ ಮನೆ ಒಡೆದ ದಿನ ಆ ಕರೆಯನ್ನು ಮರೆತರೆ ಹೇಗೆ?

ತೊಟ್ಟಿಲ ಮಾತು ಬಂದದ್ದರಿಂದ ರಜೆಯ ಬಗ್ಗೆ ಹೇಳಲೇಬೇಕು. 1993ರ ಕೌಟುಂಬಿಕ ರಜೆಯ ಕಾನೂನಿನ ಹಿಂದೆ ವರ್ಷಗಟ್ಟಲೆ ದುಡಿದ ಸ್ತ್ರೀ ಸಂಘಟನೆಗಳು ತಾಯಂದಿರಿಗೆ ಮಾತ್ರ ರಜೆ ಕೊಡಿ ಎಂದಿದ್ದರೆ ಕೆಲಸ ಬೇಗ ಆಗುತ್ತಿತ್ತೋ ಏನೋ. ಹಾಗೆ ಕೇಳಲಿಲ್ಲ. 12 ವಾರ ರಜೆ ಇಬ್ಬರಿಗೂ ಬಂತು, ಸಂಬಳವಿಲ್ಲದ ರಜೆ ಎಂಬ ಕೊರತೆಯೊಂದಿಗೆ. ನೆವಾಡಾದಲ್ಲಿ ವಿಲಿಯಂ ಹಿಬ್ಸ್ ಎಂಬ ಸರ್ಕಾರಿ ನೌಕರ ಕಾಯಿಲೆಯ ಹೆಂಡತಿಯನ್ನು ನೋಡಿಕೊಳ್ಳಲು ರಜೆ ಹಾಕಿ ಕೆಲಸ ಕಳೆದುಕೊಂಡ. 2003ರಲ್ಲಿ ಅವನ ಪರ ತೀರ್ಪು ಬರೆದವರು ಅದೇ ರೆನ್‌ಕ್ವಿಸ್ಟ್, ಆಗ ಮುಖ್ಯ ನ್ಯಾಯಮೂರ್ತಿ. ಮನೆಗೆಲಸ ಹೆಂಗಸಿನದೆಂಬ ನಂಬಿಕೆಯೂ ಗಂಡಸಿಗೆ ಮನೆಯ ಹೊಣೆಯಿಲ್ಲವೆಂಬ ನಂಬಿಕೆಯೂ ಒಂದನ್ನೊಂದು ಬಲಪಡಿಸುತ್ತವೆ ಎಂದು ಅವರು ಬರೆದದ್ದು ಸ್ತ್ರೀವಾದಿಗಳು ಬರೆದಂತೆಯೇ ಇದೆ.

ನ್ಯೂಜೆರ್ಸಿಯಲ್ಲಿ 2009ರಿಂದ ಸಂಬಳದ ಒಂದು ಭಾಗವೂ ಈ ರಜೆಗೆ ಸಿಗುತ್ತದೆ. ನಮ್ಮ ಹುಡುಗರು ತೆಗೆದುಕೊಳ್ಳುತ್ತಾರೆಯೇ? ತೆಗೆದುಕೊಳ್ಳುವವರು ಹೆಚ್ಚುತ್ತಿದ್ದಾರೆ, ಸಂತೋಷ. ಆದರೆ ಬಾಣಂತನಕ್ಕೆ ಊರಿನಿಂದ ಅಮ್ಮನೋ ಅತ್ತೆಯೋ ಆರು ತಿಂಗಳಿಗೆ ಬಂದು ಎಣ್ಣೆನೀರಿನಿಂದ ಅಡುಗೆಯವರೆಗೆ ಎಲ್ಲ ಹೊತ್ತುಕೊಂಡಿರುವಾಗ, ಅಪ್ಪನ ರಜೆ ಲ್ಯಾಪ್‌ಟಾಪ್ ಮುಂದೆ ಕಳೆಯುವ ಮನೆಗಳೂ ಇವೆ. "ನೀನು ಬಿಡಪ್ಪಾ, ನಿನಗೆ ಗೊತ್ತಾಗಲ್ಲ" ಎಂದು ಅವನ ಕೈಯಿಂದ ಮಗುವನ್ನು ಇಸಿದುಕೊಳ್ಳುವ ಅಜ್ಜಿಗೂ ಇದರಲ್ಲಿ ಪಾಲಿದೆ. ಕಾನೂನು ಕೊಟ್ಟ ಹಕ್ಕನ್ನು ನಮ್ಮ ಹಜಾರವೇ ವಾಪಸು ಪಡೆಯುತ್ತಿದೆ. ಸ್ತ್ರೀವಾದ ಸಮಾನತೆ ತರಲಿಲ್ಲ ಎನ್ನುವವರು ಎಲ್ಲಿ ತರಲಿಲ್ಲ ಎಂದು ಹುಡುಕಿದರೆ ನ್ಯಾಯಾಲಯಕ್ಕಿಂತ ಮೊದಲು ಈ ಹಜಾರ ಸಿಗುತ್ತದೆ.

ನಮ್ಮ ಸಂಘವೂ ಹೊರತಲ್ಲ. ಯುಗಾದಿ ಕಾರ್ಯಕ್ರಮದ ಸ್ವಯಂಸೇವಕರ ಪಟ್ಟಿ ಈ ಸಂಚಿಕೆಯ ಕೊನೆಯ ಪುಟದಲ್ಲಿದೆ. ಪಾರ್ಕಿಂಗ್, ಧ್ವನಿವರ್ಧಕ, ಲೆಕ್ಕಪತ್ರ ಸಮಿತಿಗಳಲ್ಲಿ ಎಲ್ಲವೂ ಗಂಡಸರ ಹೆಸರು. ಹೋಳಿಗೆ, ಬಡಿಸುವುದು, ಮಕ್ಕಳನ್ನು ವೇದಿಕೆಗೆ ತಯಾರು ಮಾಡುವುದು ಎಲ್ಲವೂ ಹೆಂಗಸರದು. ಪತ್ರ ಬರೆದ ಸದಸ್ಯರಿಗೆ ಫೋನ್ ಮಾಡಿ ಇದನ್ನು ತೋರಿಸಿದೆ. ಒಂದು ಕ್ಷಣ ಸುಮ್ಮನಿದ್ದು, ಹೋಳಿಗೆ ಲಟ್ಟಿಸಲು ಬರುವುದಿಲ್ಲ, ಬಡಿಸುವುದಾದರೆ ಸೈ ಎಂದಿದ್ದಾರೆ. ಲೆಕ್ಕಪತ್ರ ಸಮಿತಿಗೆ ಇಬ್ಬರು ಹೆಂಗಸರು ಬೇಕಾಗಿದ್ದಾರೆ. ಆಸಕ್ತರು ಕಾರ್ಯದರ್ಶಿಗಳಿಗೆ ತಿಳಿಸಿ.