ಮಾನ್ಯ ಶಾಸಕರೇ, ಗಂಡು ಕರುಗಳ ಲೆಕ್ಕ ಕೊಡಿ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ,

ನಿಮ್ಮ ಮತದಾರಳೊಬ್ಬಳ ನಮಸ್ಕಾರಗಳು.

ಇದು ನಾನು ನಿಮಗೆ ಬರೆಯುತ್ತಿರುವ ನಾಲ್ಕನೆಯ ಪತ್ರ. ಮೊದಲಿನ ಮೂರನ್ನು ನಿಮ್ಮ ಕಚೇರಿಗೇ ಬಂದು ಕೊಟ್ಟು, ಮೊಹರು ಹಾಕಿಸಿಕೊಂಡು ಹೋಗಿದ್ದೇನೆ. ಎರಡನೆಯ ಸಲ ನಿಮ್ಮ ಆಪ್ತ ಸಹಾಯಕರು ನಾಲ್ಕು ಸಾಲು ಓದಿ, "ಕರು ವಿಷ್ಯಾನಾ ಮೇಡಂ? ನಾನೆಲ್ಲೋ ರಸ್ತೆ ವಿಷ್ಯ ಅಂದ್ಕೊಂಡೆ" ಅಂದರು. ಪಕ್ಕದಲ್ಲಿ ಕೂತಿದ್ದವರು ನಕ್ಕರು. ಅದಕ್ಕೇ ಈ ಸಲ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಕೇಳುತ್ತಿರುವುದು ಒಂದೇ. ನಮ್ಮ ತಾಲ್ಲೂಕಿನಲ್ಲಿ ವರ್ಷಕ್ಕೆ ಎಷ್ಟು ಗಂಡು ಕರು ಹುಟ್ಟುತ್ತವೆ, ಹುಟ್ಟಿದವು ಎಲ್ಲಿಗೆ ಹೋಗುತ್ತವೆ? ಲೆಕ್ಕ ಕೊಡಿ. ಲೆಕ್ಕ ಸಿಕ್ಕ ಮೇಲೆ ಅವಕ್ಕೆ ಮೇವು, ನೀರು, ನೆರಳಿರುವ ಒಂದು ಜಾಗ ಕೊಡಿ.

ನಾನು ಹಾಲು ಮಾರುವ ಮನೆಯಲ್ಲೇ ಹುಟ್ಟಿದವಳು. ನಮ್ಮಪ್ಪ ಇವತ್ತಿಗೂ ಎರಡು ಹೊತ್ತು ಡೈರಿಗೆ ಹಾಲು ಹಾಕುತ್ತಾರೆ. ಕ್ಯಾನು ತುಂಬಿಸುವುದು ನಮ್ಮ ಕೆಲಸವಾಗಿತ್ತು, ಕುಡಿದದ್ದು ಮಾತ್ರ ಬೆಲ್ಲದ ಕರಿ ಕಾಫಿ. ಹತ್ತು ವರ್ಷದವಳಿದ್ದಾಗ ಒಂದು ಕರು ಸತ್ತಿತ್ತು. ಅದರ ಚರ್ಮದೊಳಗೆ ಹುಲ್ಲು ತುಂಬಿಸಿ, ಹಸು ಸೊರೆ ಬಿಡಲಿ ಅಂತ ಮುಂದೆ ನಿಲ್ಲಿಸಿದ್ದರು. ಹಸು ಆ ಹುಲ್ಲಿನ ಕರುವನ್ನು ನೆಕ್ಕುತ್ತಾ ಹಾಲು ಕೊಡುತ್ತಿತ್ತು. ಅವತ್ತೇ ಹಾಲು ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಬಿಟ್ಟದ್ದು ಮೂವತ್ತು ದಾಟಿದ ಮೇಲೆ. ಆದರೆ ಆ ನೆಕ್ಕುವ ನಾಲಿಗೆ ನನ್ನ ಕಣ್ಣಿನಿಂದ ಹೋಗಿರಲಿಲ್ಲ.

ಈಗ ನನ್ನನ್ನು ವೀಗನ್, ಅಂದರೆ ಹಾಲು, ಮೊಟ್ಟೆಯನ್ನೂ ಮುಟ್ಟದವಳು ಎನ್ನುತ್ತಾರೆ. ಬ್ರಿಟನ್ನಿನಲ್ಲಿ 1944ರಲ್ಲಿ ಕಟ್ಟಿದ ಪದ ಅದು. ನಮ್ಮವ್ವ ಅದಕ್ಕೆ "ಮಜ್ಜಿಗೇನೂ ಆಗದ ಕಾಯಿಲೆ" ಎಂದು ಹೆಸರಿಟ್ಟಿದ್ದಾರೆ. ಶ್ರೀಮಂತರ ಷೋಕಿ ಅಂತಲೂ ಕೇಳಿದ್ದೇನೆ. ಮುದ್ದೆ, ಹುರುಳಿ ಕಟ್ಟಿನ ಸಾರು, ಅವರೆಕಾಳು, ಹುಚ್ಚೆಳ್ಳಿನ ಚಟ್ನಿ ಯಾವ ಶ್ರೀಮಂತರ ಊಟವೋ ನನಗೆ ಗೊತ್ತಿಲ್ಲ.

ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಶ್ರಾವಣದಲ್ಲಿ ನಮ್ಮ ಸೀಮೆ ಹಸು ಗಂಡು ಕರು ಹಾಕಿತು. ಸೀಮೆ ಹೋರಿಗೆ ಹಿಣಿಲಿಲ್ಲ, ನೊಗ ನಿಲ್ಲುವುದಿಲ್ಲ. ಹಳ್ಳಿಕಾರ್ ಆಗಿದ್ದರೆ ಜೋಡಿ ಹುಡುಕಿಕೊಂಡು ಜನ ಬರುತ್ತಿದ್ದರು. ಇದಕ್ಕೆ ಉಳುವ ಕೆಲಸವೂ ಇಲ್ಲ, ಕೊಳ್ಳುವವರೂ ಇಲ್ಲ. ದಿನಕ್ಕೆ ಮೂರು ಲೀಟರ್ ಹಾಲು ಕುಡಿಸಿದರೆ ನೂರು ರೂಪಾಯಿ ಹೋಯಿತು. "ಅವನಿಗೆ ಕುಡಿಸುದ್ರೆ ನಮಗೆ ಉಳಿಯೋದೇನವ್ವ?" ಎಂದು ಅಪ್ಪ ಕೇಳಿದರು. ಅಪ್ಪ ಕಟುಕರಲ್ಲ. ಗಿಣ್ಣು ಕುಡಿಸಿದ್ದರು, ಕಂಬಳಿ ಹೊದಿಸಿದ್ದರು. ಒಂಬತ್ತನೆಯ ದಿನ, "ಗುಡಿ ಹತ್ರ ಕಟ್ಟಿ ಬತ್ತೀನಿ, ಯಾರಾದ್ರೂ ಹೊಡ್ಕೊಂಡು ಹೋಗ್ಲಿ" ಅಂದರು. ಕೆರೆ ಏರಿ, ಗುಡಿ ಬಾಗಿಲು, ಹೆದ್ದಾರಿ ಪಕ್ಕದ ಡಾಬಾ, ಇಲ್ಲೆಲ್ಲ ರಾತ್ರಿ ಕಟ್ಟಿ ಹೋದ ಕರುಗಳನ್ನು ನೀವೂ ನೋಡಿರುತ್ತೀರಿ. ನಿಮ್ಮ ಕಾರಿಗೂ ಅಡ್ಡ ಬಂದಿರುತ್ತವೆ.

ನಾನು ಹಟ ಹಿಡಿದು ಮೈಸೂರಿನಿಂದ ರಜೆ ಹಾಕಿ ಬಂದೆ. ಕರುವನ್ನು ಗೋಶಾಲೆಗೆ ಸೇರಿಸೋಣ ಎಂದು ನಮ್ಮೂರಿನ ಹುಡುಗನ ಲಗೇಜ್ ಆಟೋ ಕರೆದೆ. ಅವನ ಹೆಸರು ಬರೆಯುವುದಿಲ್ಲ. ಅವತ್ತು ಅವನು ಮಾಡಿದ ತಪ್ಪು ಅಂದರೆ ಆ ಹೆಸರೊಂದೇ. "ಅಕ್ಕ, ಕರು ಅಂದ್ರೆ ನಾನು ಬರಲ್ಲ" ಅಂದ. ಆಮೇಲೆ ನಮ್ಮಪ್ಪನ ಮುಖ ನೋಡಿ, "ಅಕ್ಕ, ನೀವು ಮುಂದೆ ನನ್ ಪಕ್ಕ ಕೂತ್ಕೊಳಂಗಿದ್ರೆ ಬತ್ತೀನಿ" ಅಂದ.

ಗೋಶಾಲೆಯ ಗೇಟಿನ ಮೇಲೆ ನಿಮ್ಮ ಫೋಟೋ ಇತ್ತು. ಹಸುವಿನ ಹಣೆಗೆ ಕುಂಕುಮ ಇಡುತ್ತಿರುವ ಫೋಟೋ. ಒಳಗಿದ್ದವರು ಕರುವಿನ ಹೊಟ್ಟೆಯ ಕೆಳಗೆ ಬಗ್ಗಿ ನೋಡಿ, "ಗಂಡು ಬೇಡಿ ಮೇಡಂ, ಹೆಣ್ಣಾಗಿದ್ರೆ ನೋಡಬೋದಿತ್ತು" ಅಂದರು. ಬಿಟ್ಟು ಹೋಗಲೇಬೇಕು ಅಂದರೆ ಹನ್ನೊಂದು ಸಾವಿರದ ರಸೀದಿ ಹರಿಸಬೇಕಂತೆ. ಅಪ್ಪನ ಬಳಿ ಹನ್ನೊಂದು ಸಾವಿರ ಇದ್ದಿದ್ದರೆ ಕರುವಿಗೆ ಹಾಲೇ ಕುಡಿಸುತ್ತಿದ್ದರು. ಅಲ್ಲಿಂದ ಪಶು ಆಸ್ಪತ್ರೆಗೆ ಹೋದೆವು. "ಕಾಯಿಲೆ ಏನಾದ್ರೂ ಇದ್ರೆ ನೋಡ್ತೀವಿ" ಅಂದರು. ಕಾಯಿಲೆ ಇರಲಿಲ್ಲ. ಗಂಡಾಗಿ ಹುಟ್ಟಿತ್ತು ಅಷ್ಟೇ.

ವಾಪಸ್ ಬರುವಾಗ ಸಂಜೆಯಾಗಿತ್ತು. ಎರಡು ಬೈಕಿನಲ್ಲಿ ಬಂದ ಐವರು ಹುಡುಗರು ಆಟೋ ಅಡ್ಡ ಹಾಕಿದರು. ಮೊದಲು ಕೇಳಿದ್ದು ಡ್ರೈವರಿನ ಹೆಸರು. ಅವನು ಹೇಳಿದ. ಮುಂದಿನ ಮಾತಿಗೂ ಮೊದಲೇ ಕೆನ್ನೆಗೆ ಬಿತ್ತು. ಅವನ ಫೋನು ಕಿತ್ತುಕೊಂಡು, ಆಧಾರ್ ಕಾರ್ಡು ಕೇಳಿ, ಒಬ್ಬ ವಿಡಿಯೊ ಮಾಡುತ್ತಿದ್ದ. ನಾನು ಇಳಿದು ಕಿರುಚಿದೆ. ನನ್ನ ಹೆಸರು, ಊರು, ಯಾರ ಮಗಳು ಎಂದೆಲ್ಲ ಕೇಳಿದರು. ಹೇಳಿದ ಮೇಲೆ ದನಿ ಬದಲಾಯಿತು. "ಸಾರಿ ಅಕ್ಕ, ನೀವು ನಮ್ಮೋರೇ. ಮೊದಲೇ ಹೇಳಬಾರದಾ?"

ನಾನು ಹೇಳಿದೆ: "ಸರಿ ಕಣಪ್ಪ, ನಿಮಗೆ ಇಷ್ಟು ಪ್ರೀತಿ ಇದೆಯಲ್ಲ, ಈ ಕರು ನೀವೇ ತಗೊಂಡು ಹೋಗಿ. ಹಗ್ಗ ಇಲ್ಲಿದೆ." ಐವರೂ ಮುಖ ಮುಖ ನೋಡಿಕೊಂಡರು. "ನಮ್ದು ರೂಮು ಅಕ್ಕ, ಓನರ್ ಬಿಡಲ್ಲ" ಎಂದ ಒಬ್ಬ. ವಿಡಿಯೊ ಮಾಡುತ್ತಿದ್ದವನು ಫೋನು ಜೇಬಿಗಿಟ್ಟು ಕರುವಿನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಹೊರಟು ಹೋದರು. ಡ್ರೈವರ್ ಹುಡುಗನ ತುಟಿಯಿಂದ ರಕ್ತ ಬರುತ್ತಿತ್ತು. ಅವನು ಮೊದಲು ಕೇಳಿದ್ದು, "ಅಕ್ಕ, ಕರೂಗೇನೂ ಆಗಿಲ್ವಾ?"

ದೂರು ಕೊಡಲು ಹೋದಾಗ ಠಾಣೆಯಲ್ಲಿ, ದೂರು ಬರೆದುಕೊಂಡರೆ ಮೊದಲು ಕರು ಸಾಗಿಸಿದ್ದೇ ಕೇಸಾಗಬಹುದು ಎಂದು ಬುದ್ಧಿ ಹೇಳಿದರು. ಹುಡುಗ ಕೈಮುಗಿದು ಬೇಡ ಅಂದ. ಬಾಡಿಗೆಯನ್ನೂ ತೆಗೆದುಕೊಳ್ಳಲಿಲ್ಲ.

ಗೋಹತ್ಯೆ ತಡೆಯುವ ಕಾಯ್ದೆ ನಿಮಗೆ ಗೊತ್ತೇ ಇದೆ, ನಿಮ್ಮ ಸದನದ್ದೇ. 1964ರ ಕಾಯ್ದೆಯಲ್ಲೂ ಹಸು, ಕರು ಕೊಲ್ಲುವಂತಿರಲಿಲ್ಲ. ಹನ್ನೆರಡು ವರ್ಷ ದಾಟಿದ ಎತ್ತು, ಹೋರಿ, ಎಮ್ಮೆಗೆ ಪ್ರಮಾಣಪತ್ರದ ದಾರಿಯೊಂದಿತ್ತು. 2020ರ ಕಾಯ್ದೆ ಎತ್ತು, ಹೋರಿಯ ಆ ದಾರಿ ಮುಚ್ಚಿ, 3ರಿಂದ 7 ವರ್ಷ ಜೈಲು, ತಲೆಗೆ 50 ಸಾವಿರದಿಂದ 5 ಲಕ್ಷ ದಂಡ ಎಂದಿತು. ಸದುದ್ದೇಶದಿಂದ ನಡೆದುಕೊಂಡವರಿಗೆ ರಕ್ಷಣೆ ಇದೆ ಎಂದೂ ಅದೇ ಕಾಯ್ದೆಯಲ್ಲಿ ಬರೆದಿದೆ. ಪೆಟ್ಟು ತಿಂದ ಆ ಹುಡುಗನ ಉದ್ದೇಶ ಏನಿತ್ತು ಅಂತ ನೀವೇ ಹೇಳಿ. 2023ರಲ್ಲಿ ಸಾತನೂರಿನ ಬಳಿ ದನ ಸಾಗಿಸುತ್ತಿದ್ದ ಮಂಡ್ಯದ ವ್ಯಾಪಾರಿಯೊಬ್ಬ ಹೆಣವಾಗಿ ಸಿಕ್ಕಿದ. ನಮ್ಮ ಹುಡುಗ ತುಟಿ ಒಡೆಸಿಕೊಂಡು ಉಳಿದದ್ದು ನಾನು ಮುಂದಿನ ಸೀಟಿನಲ್ಲಿ ಕೂತಿದ್ದರಿಂದ.

ಕಸಾಯಿಖಾನೆ ತೆರೆಯಿರಿ ಎಂದು ನಾನು ಕೇಳುತ್ತಿಲ್ಲ. ನಾನು ಯಾವ ಪ್ರಾಣಿಯನ್ನೂ ತಿನ್ನುವವಳಲ್ಲ, ತೊಗಲಿನ ಚಪ್ಪಲಿಯನ್ನೂ ಹಾಕುವವಳಲ್ಲ. ಆದರೆ ಕಟುಕನ ಕತ್ತಿ ತಪ್ಪಿಸಿದ್ದೇವೆ ಎಂದು ಹೇಳಿಕೊಂಡು ಕರುವನ್ನು ಹೊಟ್ಟೆಗಿಲ್ಲದೆ ಸಾಯಿಸುವುದನ್ನು ದಯೆ ಎನ್ನಬೇಡಿ. ಹಾಲು ಕುಡಿದವರಿಗೆ ಪುಣ್ಯ, ಕರು ಸಾಗಿಸಿದವನಿಗೆ ಜೈಲು. ಇದೆಂಥ ಲೆಕ್ಕ ಸ್ವಾಮಿ?

ಲೆಕ್ಕ ಎಂದೆನಲ್ಲ. 2024ರ ಜೂನ್‌ನಲ್ಲಿ ಕೆಎಂಎಫ್ ದಿನಕ್ಕೆ ಒಂದು ಕೋಟಿ ಲೀಟರ್ ಹಾಲು ಮುಟ್ಟಿತು ಎಂದು ಸಂಭ್ರಮವಾಯಿತು. ಡೈರಿಯಲ್ಲಿ ಅಪ್ಪನ ಹಾಲಿನ ಕೊಬ್ಬನ್ನು ಪಾಯಿಂಟ್ ಲೆಕ್ಕದಲ್ಲಿ ಅಳೆಯುತ್ತಾರೆ. ಲೀಟರಿಗೆ ಇಷ್ಟು ಎಂದು ಕೊಡುವ ಪ್ರೋತ್ಸಾಹಧನ ಸರ್ಕಾರದ ಕಡತದಲ್ಲಿರುತ್ತದೆ. ಹಸುವಿನ ಕಿವಿಗೆ ಹನ್ನೆರಡು ಅಂಕಿಯ ಓಲೆ ಹಾಕಿದ್ದೀರಿ. ಕರು ಹಾಕದೆ ಯಾವ ಹಸುವೂ ಹಾಲು ಕೊಡುವುದಿಲ್ಲ. ಹುಟ್ಟುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಹಾಗಾದರೆ ಆ ಅರ್ಧ ಎಲ್ಲಿ? 2022ರಲ್ಲಿ ಗೋಶಾಲೆಯ ದನಗಳನ್ನು ದತ್ತು ಪಡೆಯುವ ಪುಣ್ಯಕೋಟಿ ದತ್ತು ಯೋಜನೆ ಬಂತು, ಸರ್ಕಾರಿ ನೌಕರರ ಸಂಬಳದಿಂದಲೂ ದುಡ್ಡು ಹೋಯಿತು. ಅದರಲ್ಲಿ ಗಂಡು ಕರುವಿನ ಪಾಲೆಷ್ಟು? ಲೆಕ್ಕ ಕೊಡಿ.

ಹೆಣ್ಣು ಕರುವೇ ಹುಟ್ಟುವ ಹಾಗೆ ವಿಂಗಡಿಸಿದ ವೀರ್ಯ ಬಂದಿದೆ, ಇನ್ನು ಸಮಸ್ಯೆ ಇರುವುದಿಲ್ಲ ಎಂದು ಅಧಿಕಾರಿಯೊಬ್ಬರು ಸಮಾಧಾನ ಹೇಳಿದರು. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದದ್ದು ಬಯಲಾದ ಜಿಲ್ಲೆ ನಮ್ಮದು. ಮನೆಯೊಳಗೆ ಹೆಣ್ಣು ಬೇಡ, ಕೊಟ್ಟಿಗೆಯಲ್ಲಿ ಗಂಡು ಬೇಡ. ಲಾಭಕ್ಕೆ ತಕ್ಕ ಹಾಗೆ ಹುಟ್ಟನ್ನೇ ಆರಿಸಿಕೊಳ್ಳುವ ಈ ಜಾಣತನ ನನಗೆ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಹೆಣ್ಣಾಗಿ ಹುಟ್ಟಿದ್ದಕ್ಕೆ ನನಗೆ ಹಾಗೆ ಕಾಣುತ್ತದೋ ಏನೋ.

ನನ್ನ ಊಟದ ತಟ್ಟೆಯನ್ನು ನಿಮ್ಮ ಸುತ್ತಲಿನವರು ಬಳಸಿಕೊಳ್ಳಲು ನೋಡಿದ್ದಾರೆ, ಅದನ್ನೂ ಹೇಳಿಬಿಡುತ್ತೇನೆ. ಶಾಲೆಯಲ್ಲಿ ಮೊಟ್ಟೆ ಕೊಡಬಾರದು ಎಂಬ ಮನವಿಗೆ ಸಹಿ ಹಾಕಿ ಎಂದು ನನ್ನ ಮನೆ ಬಾಗಿಲಿಗೆ ಬಂದಿದ್ದರು. ತಂತಿ ಗೂಡಿನಲ್ಲಿ ರೆಕ್ಕೆ ಬಿಚ್ಚಲಾಗದ ಕೋಳಿಯ ಬಗ್ಗೆ ನನಗೆ ಸಂಕಟವಿದೆ. ಬಂದವರಿಗೆ ಅದು ಗೊತ್ತೇ ಇರಲಿಲ್ಲ, ಅವರ ಸಂಕಟ ಮಡಿಯದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಆ ಮಕ್ಕಳ ತಟ್ಟೆಯಿಂದ ಮೊಟ್ಟೆ ಕಿತ್ತು ನನ್ನ ಕರುಣೆ ಸಾಬೀತು ಮಾಡಬೇಕಾಗಿಲ್ಲ. ಸಹಿ ಹಾಕಲಿಲ್ಲ.

ಇನ್ನೊಂದು. ಮೈಸೂರಿನಲ್ಲಿ "ಸಸ್ಯಾಹಾರಿಗಳಿಗೆ ಮಾತ್ರ" ಎಂದು ಬೋರ್ಡು ಹಾಕಿದ ಮನೆ ನೋಡಲು ನಾನೂ ನನ್ನ ಗೆಳತಿಯೂ ಹೋದೆವು. ಇಬ್ಬರೂ ಹಾಲು, ಮೊಟ್ಟೆ ಏನೂ ಮುಟ್ಟದವರು. "ಅಯ್ಯೋ, ನಮಗಿಂತ ಮಡಿ ನೀವು!" ಎಂದು ಮನೆಯೊಡತಿ ಹಿಗ್ಗಿದರು. ಆಮೇಲೆ ಗೆಳತಿಯ ಊರು ಕೇಳಿದರು, ಊರಿನಲ್ಲಿ ಯಾವ ಬೀದಿ ಎಂದು ಕೇಳಿದರು. ಮನೆ ಸಿಗಲಿಲ್ಲ. ಅವಳ ತಾತ ಊರಿನ ಸತ್ತ ದನಗಳನ್ನು ಎಳೆಯುತ್ತಿದ್ದವರು. ಬದುಕಿದ್ದಾಗ ಗೋಮಾತೆ, ಸತ್ತ ಮೇಲೆ ಅವಳ ತಾತನ ಪಾಲು. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದದ್ದಕ್ಕೆ ದಲಿತ ಹುಡುಗರನ್ನು ಕಟ್ಟಿ ಹೊಡೆದಾಗ, "ಹಸುವಿನ ಬಾಲ ನೀವೇ ಇಟ್ಟುಕೊಳ್ಳಿ, ನಮ್ಮ ಭೂಮಿ ನಮಗೆ ಕೊಡಿ" ಎಂದು ಅಲ್ಲಿಯ ಜನ ಬೀದಿಗಿಳಿದಿದ್ದರು. ಗೆಳತಿ ಅವತ್ತು ಬಸ್ಸಿನಲ್ಲಿ ಅದನ್ನು ನೆನಪಿಸಿ ನಕ್ಕಳು. ನನಗೆ ನಗು ಬರಲಿಲ್ಲ.

ಪ್ರಾಣಿಯ ಮೇಲೆ ಕರುಣೆ ಎಂಬ ಮಾತನ್ನು ಮನುಷ್ಯರನ್ನು ಹೊಡೆಯುವುದಕ್ಕೆ ಕೋಲು ಮಾಡಿಕೊಂಡಿದ್ದೀರಿ. ಹೊಡೆಸಿಕೊಳ್ಳುವವರೂ ಪ್ರತಿ ಸಲ ಅವರೇ. ಆ ಕೋಲಿಗೆ ನನ್ನ ಹೆಸರು ಕೆತ್ತಬೇಡಿ. 2025ರ ಜನವರಿಯಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಮೂರು ಹಸುಗಳ ಕೆಚ್ಚಲು ಕೊಯ್ದಾಗ ರಾಜ್ಯವೇ ಕುದಿಯಿತು. ಕುದಿಯಲೇಬೇಕಿತ್ತು, ನಾನೂ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆದರೆ ಅದೇ ಕೆಚ್ಚಲಿನಿಂದ ತಳ್ಳಿಸಿಕೊಂಡ ಕರು ಗುಡಿ ಬಾಗಿಲಲ್ಲಿ ಅರಚುತ್ತಾ ಸತ್ತರೆ ಯಾವ ಪಕ್ಷದವರೂ ಬರುವುದಿಲ್ಲ.

ಅಪ್ಪನನ್ನು ಬೈಯುವುದು ಸುಲಭ ಎಂದು ನಿಮಗನ್ನಿಸಬಹುದು. ಬೈಯಬೇಡಿ. ಎರಡು ಹಸುವಿನ ಮೇಲೆ ಸಾಲವಿರುವ ಮನುಷ್ಯ ಅವರು. ಹಾಲಿಗೆ ಕೊಡುವ ಪ್ರೋತ್ಸಾಹಧನದ ಹಾಗೆ ರಾಗಿಗೆ, ಹುರುಳಿಗೆ ತಿಂಗಳು ತಿಂಗಳು ಖಾತೆಗೆ ದುಡ್ಡು ಬರುವಂತಿದ್ದರೆ ಹಸು ಕಟ್ಟುವುದನ್ನು ಎಂದೋ ಬಿಡುತ್ತಿದ್ದೆ ಎಂದು ಅವರೇ ಹೇಳುತ್ತಾರೆ. ಅದು ಇನ್ನೊಂದು ಪತ್ರದ ವಿಷಯ.

ಈ ಪತ್ರದ ವಿಷಯ ಒಂದೇ. ಗಂಡು ಕರುಗಳ ಲೆಕ್ಕ ಕೊಡಿ. ತಾಲ್ಲೂಕಿನಲ್ಲಿ ಒಂದು ಜಾಗ ಕೊಡಿ, ಅಲ್ಲಿ ಹನ್ನೊಂದು ಸಾವಿರ ಕೇಳಬಾರದು, ಹೊಟ್ಟೆಯ ಕೆಳಗೆ ಬಗ್ಗಿ ನೋಡಬಾರದು. ಅಲ್ಲಿಗೆ ಕರು ತರುವ ಡ್ರೈವರಿನ ಕೈಗೆ ನಿಮ್ಮ ಸಹಿಯ ಒಂದು ಚೀಟಿ ಕೊಡಿ, ಅವನ ಹೆಸರು ಏನೇ ಇರಲಿ. ಕೊಡಲಾಗುವುದಿಲ್ಲ ಎಂದಾದರೆ ಅದನ್ನಾದರೂ ಬರೆದು ಕೊಡಿ. ಮೊಹರು ಹಾಕಿ.

ಆ ಕರು ಈಗ ಅಪ್ಪನ ಹಿತ್ತಿಲಲ್ಲಿದೆ. ಅವನ ಹಿಂಡಿ, ಬೂಸಾದ ಖರ್ಚು ನನ್ನ ಸಂಬಳದಲ್ಲಿ ಹೋಗುತ್ತಿದೆ. ಡ್ರೈವರ್ ಹುಡುಗ ವಾರಕ್ಕೊಮ್ಮೆ ಹಸಿ ಹುಲ್ಲು ತಂದು ಹಾಕುತ್ತಾನೆ, ಹಗಲು ಹೊತ್ತಿನಲ್ಲಿ ಮಾತ್ರ ಬರುತ್ತಾನೆ. ಬರುವ ಬಲಿಪಾಡ್ಯಮಿಗೆ ನೀವು ಗೋಪೂಜೆ ಮಾಡಲು ಬರುತ್ತೀರಿ ಎಂದು ಫ್ಲೆಕ್ಸ್ ಕಟ್ಟಿದ್ದಾರೆ. ಕರುವನ್ನು ನಡೆಸಿಕೊಂಡೇ ಬರುತ್ತೇನೆ, ಈ ಸಲ ಆಟೋ ಬೇಡ. ಹಾರ ಸ್ವಲ್ಪ ಉದ್ದನೆಯದು ತನ್ನಿ, ಕತ್ತು ದಪ್ಪಗಾಗಿದೆ.

ಇಂತಿ,
ಮೂರು ಮೊಹರುಗಳನ್ನು ಜೋಪಾನವಾಗಿಟ್ಟುಕೊಂಡಿರುವ
ನಿಮ್ಮ ಕ್ಷೇತ್ರದ ಮತದಾರಳು